ದಾವಣಗೆರೆ ಹೊಕ್ಕ ಕೂಡಲೇ ಹತ್ತುವ ದೀಪ

ಡೀಸೆಲ್ ಲಾರಿಯ ಸ್ಟೇರಿಂಗಿನ ಹಿಂದೆ, ಮೀಟರುಗಳ ನಡುವೆ, ಎಂಜಿನ್ ಆಕಾರದ ಒಂದು ಹಳದಿ ದೀಪ ಇರುತ್ತದೆ. ಅದು ಹತ್ತಿದರೆ ಎಂಜಿನ್ನಿನಲ್ಲಿ ಎಲ್ಲೋ ತೊಂದರೆ ಎಂದು ಅರ್ಥ. ಹತ್ತಿಕೊಂಡೇ ಇದ್ದರೆ ಒಳ್ಳೆಯದು, ತೊಂದರೆ ಹುಡುಕಬಹುದು. ಹತ್ತದೇ ಇದ್ದರೆ ಇನ್ನೂ ಒಳ್ಳೆಯದು, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು. ಆದರೆ ದಾರಿಯಲ್ಲಿ ಹತ್ತಿ, ವರ್ಕ್‌ಶಾಪಿನ ಗೇಟು ದಾಟಿದೊಡನೆ ಏನೂ ಅರಿಯದ ಕೂಸಿನ ಹಾಗೆ ಸುಮ್ಮನಾಗುವ ದೀಪವಿದೆಯಲ್ಲ, ಅದು ಮೆಕ್ಯಾನಿಕ್ಕಿನ ತಲೆಗೂದಲು ಉದುರಿಸುತ್ತದೆ. ನನ್ನ ತಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತನಾದ ಮೇಲೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ, ಐಟಿಐ ಮುಗಿಸಿ ವರ್ಕ್‌ಶಾಪು ಸೇರಿದ ಹುಡುಗರು ಬೈಕು ನಿಲ್ಲಿಸಿ ಮಾತಿಗೆ ಬರುತ್ತಾರೆ. ಯಾವ ಸ್ಕ್ಯಾನರ್ ಒಳ್ಳೆಯದು, ಯಾವ ಕಂಪನಿಯ ಮೀಟರ್ ತಗೋಬೇಕು ಎಂದು ಕೇಳುತ್ತಾರೆ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಅವರು ಕೇಳದೇ ಇರುವುದನ್ನು ಹೇಳುವ ಚಟ ನನಗೆ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ಫೋರ್‌ಮನ್ ಆದೆ ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ತಗೊಂಡು ಏನಾಗಬೇಕು.

ನಾನು ಕೆಲಸ ಕಲಿತದ್ದು ಹಳೇ ಪಿ.ಬಿ. ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ, ಇಮಾಮ್ ಸಾಬ್ರು ಎಂಬ ಉಸ್ತಾದರ ಕೈಕೆಳಗೆ. ಆಗ ಲಾರಿಗಳಲ್ಲಿ ಕಂಪ್ಯೂಟರೂ ಇರಲಿಲ್ಲ, ಈ ಹಳದಿ ದೀಪವೂ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವುದೇ ನಮ್ಮ ಸ್ಕ್ಯಾನರ್. ಸಾಬ್ರದ್ದು ಮಾತು ಕಡಿಮೆ, ಚಹಾ ಜಾಸ್ತಿ. ಲಾರಿ ಬಂದರೆ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಡ್ರೈವರನ್ನು ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, ಊರು ಕೇರಿ ಮಾತಾಡಿಸುತ್ತಿದ್ದರು. ಇವರು ಕೆಲಸ ಮಾಡುತ್ತಾರೋ ಬೀಗರನ್ನು ಉಪಚರಿಸುತ್ತಾರೋ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಒಮ್ಮೆ ಒಂದು ಲಾರಿ ಬಂತು. ಬೆಳಗಿನಿಂದ ಎಳೆಯುವುದೇ ಇಲ್ಲ, ಮಧ್ಯಾಹ್ನದ ಮೇಲೆ ಕುದುರೆಯ ಹಾಗೆ ಓಡುತ್ತದೆ ಎಂದು ಡ್ರೈವರ್ ದೂರಿದ. ಡೀಸೆಲ್ ಫಿಲ್ಟರ್ ಬದಲಾಗಿತ್ತು, ಪಂಪು ಬಿಚ್ಚಿ ಹಾಕಿಯಾಗಿತ್ತು, ಊರೂರಿನ ಮಿಸ್ತ್ರಿಗಳೆಲ್ಲ ಕೈ ಆಡಿಸಿದ್ದರು. ಸಾಬ್ರು ಚಹಾ ಕುಡಿಸಿ, ಊಟ ಆಯಿತೇ ಎಂದು ಕೇಳಿದರು. ಅವನು ಇನ್ನೂ ಇಲ್ಲ ಎನ್ನುತ್ತ ಕ್ಯಾಬಿನ್ನಿಗೆ ಕೈ ಹಾಕಿ ಬುತ್ತಿಯ ಚೀಲ ತೆಗೆದ. ಆ ಚೀಲ ಎಲ್ಲಿ ನೇತಾಡುತ್ತಿತ್ತೆಂದರೆ, ಎಂಜಿನ್ ಬಂದ್ ಮಾಡಲು ಎಳೆಯುವ ಗುಂಡಿಗೆ. ಹಳೆಯ ಲಾರಿಗಳಲ್ಲಿ ಆ ಗುಂಡಿ ಎಳೆದರೆ ಡೀಸೆಲ್ ನಿಲ್ಲುತ್ತಿತ್ತು. ರೊಟ್ಟಿ, ಪಲ್ಯ, ಮಜ್ಜಿಗೆ ಡಬ್ಬಿಯ ಭಾರಕ್ಕೆ ಅದು ಅರ್ಧ ಎಳೆದುಕೊಂಡು, ಅರ್ಧ ಡೀಸೆಲ್ಲಿನಲ್ಲೇ ಲಾರಿ ಏದುಸಿರು ಬಿಡುತ್ತಿತ್ತು. ಊಟವಾಗಿ ಚೀಲ ಖಾಲಿಯಾದ ಮೇಲೆ ಗುಂಡಿ ತನ್ನ ಜಾಗಕ್ಕೆ ಹೋಗುತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಬ್ರು ಮಾತ್ರ ನಗದೆ ನನ್ನ ಕಡೆ ತಿರುಗಿದರು.

“ಬೇಟಾ, ಏನಾಗೈತೆ ಅಂತ ಕೇಳಿದ್ರೆ ಅವ್ನು ಚೀಲದ ಮಾತು ಹೇಳ್ತಿದ್ನೇನು? ಅವನಿಗೇ ಗೊತ್ತಿಲ್ಲ. ಬಾಯಿ ಕೇಳಿದ ಮ್ಯಾಲೆ ಕೈ ನೋಡ್ಬೇಕು.”

ಆ ಮಾತು ಒಳ್ಳೆಯದೇ ಅನ್ನಿಸಿತು. ಆದರೆ ಚಿಕ್ಕ ವಯಸ್ಸು, ಮರೆತೂಬಿಟ್ಟೆ.

ಮುಂದೆ ನಾನು ಹರಿಹರ ರಸ್ತೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿದೆ. ಲಾರಿಗಳಿಗೆ ಕಂಪ್ಯೂಟರ್ ಬಂತು, ಜೊತೆಗೆ ಹಳದಿ ದೀಪವೂ ಬಂತು. ಮೊದಮೊದಲು ಡ್ರೈವರುಗಳಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಒಬ್ಬ ಪುಣ್ಯಾತ್ಮ ಹೆಂಡತಿಯ ಹಣೆಯ ಸ್ಟಿಕ್ಕರ್ ಬೊಟ್ಟನ್ನೇ ದೀಪದ ಮೇಲೆ ಅಂಟಿಸಿಕೊಂಡು ಬಂದಿದ್ದ. ದೀಪ ಹತ್ತಿದರೂ ಕಾಣದು, ನೋಡಲು ಲಕ್ಷಣವಾಗಿಯೂ ಇತ್ತು. ಈಗ ನಾಚಿಕೆ ಪಟ್ಟು ಹೇಳಬೇಕಾದ ಮಾತೆಂದರೆ ಆ ದೀಪ ನನಗೂ ಸೇರುತ್ತಿರಲಿಲ್ಲ. ನನ್ನ ಕಿವಿಗಿಂತ ಅದು ಜಾಣವೇ ಎಂಬ ಗರ್ವ ನನಗಿತ್ತು.

ನಮ್ಮ ಮ್ಯಾನೇಜರ್ ಪ್ರಸನ್ನ ಅವರು ಆ ಗರ್ವ ಇಳಿಸಿದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಎಂಜಿನಿಯರಿಂಗ್ ಓದಿದವರು, ಶಿಸ್ತು ಅಂದರೆ ಶಿಸ್ತು. ಸ್ಪ್ಯಾನರ್ ನೆಲದ ಮೇಲೆ ಬಿದ್ದಿದ್ದರೆ ಅವರ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಗುತ್ತಿತ್ತು. ಲಾರಿಗೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಬರುವ ತೊಂದರೆಯ ಕೋಡು ಓದುವುದನ್ನು ಬೇಸರವಿಲ್ಲದೆ ನನಗೆ ಕಲಿಸಿದರು. ಕೋಡು ನೋಡಿದ ಮಾತ್ರಕ್ಕೆ ಪಾರ್ಟು ಬದಲಿಸಬೇಡಿ, ಆ ಕೋಡು ಯಾವ ಹೊತ್ತಿನಲ್ಲಿ ಬಂತು ಎಂದು ಮೊದಲು ನೋಡಿ ಎಂದು ನಮಗೆಲ್ಲ ಹೇಳುತ್ತಿದ್ದರು. ನಾವು ಹೂಂ ಎನ್ನುತ್ತಿದ್ದೆವು, ಪಾರ್ಟು ಬದಲಿಸುತ್ತಿದ್ದೆವು.

ನನ್ನ ಸರ್ವೀಸಿನ ಕೊನೆಯ ವರ್ಷಗಳಲ್ಲಿ ಹಾಲೇಶಿಯ ಲಾರಿ ಬಂತು.

ಹಾಲೇಶಿ ಐವತ್ತರ ಆಸುಪಾಸಿನ ಡ್ರೈವರ್. ಸಣಕಲು ಮೈ, ದಪ್ಪ ಮೀಸೆ, ಮಾತು ತೂಕದ್ದು. ಹರಿಹರದ ಒಂದು ರೈಸ್ ಮಿಲ್ಲಿನಿಂದ ಅಕ್ಕಿ ಮೂಟೆ ಹೇರಿಕೊಂಡು ದಾವಣಗೆರೆಯ ಗೋಡೌನಿಗೆ ಇಳಿಸುವುದು ಅವನ ಕೆಲಸ. ದಿನಕ್ಕೆ ಎರಡು ಟ್ರಿಪ್ಪು. ಮನೆ ಇರುವುದು ದಾವಣಗೆರೆಯಲ್ಲೇ, ಮಂಡಕ್ಕಿ ಹುರಿಯುವ ಭಟ್ಟಿಗಳ ಹತ್ತಿರ. ಲಾರಿಯ ಒಡತಿ ಹರಿಹರದ ಗೌರಮ್ಮ. ಗಂಡ ತೀರಿಕೊಂಡ ಮೇಲೆ ಲಾರಿ ವ್ಯವಹಾರವನ್ನು ತಾವೇ ನಡೆಸುತ್ತಿದ್ದ ಗಟ್ಟಿ ಹೆಂಗಸು.

ತೊಂದರೆ ಏನೆಂದರೆ, ಬೆಳಗಿನ ಟ್ರಿಪ್ಪಿನಲ್ಲಿ ಲಾರಿ ಹರಿಹರದಿಂದ ಚೆನ್ನಾಗಿಯೇ ಬರುತ್ತಿತ್ತು. ದಾವಣಗೆರೆ ಹೊಕ್ಕ ಕೂಡಲೇ ಹಳದಿ ದೀಪ ಹತ್ತಿ, ಎಂಜಿನ್ನಿನ ಶಕ್ತಿ ಇಳಿದು, ಲಾರಿ ಬಸುರಿ ಎಮ್ಮೆಯ ಹಾಗೆ ನಡೆಯುತ್ತಿತ್ತು. ಹೇಗೋ ಲೋಡು ಇಳಿಸಿ ನಮ್ಮಲ್ಲಿಗೆ ತರುವಷ್ಟರಲ್ಲಿ, ಬಂದ್ ಮಾಡಿ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ಎರಡನೇ ಟ್ರಿಪ್ಪು ಮಾತ್ರ ಹಾಳು. ದಿನಾಲೂ ಹೀಗೆ ಆಗುತ್ತಿತ್ತೇ ಎಂದರೆ ಅದೂ ಇಲ್ಲ. ವಾರದಲ್ಲಿ ಕೆಲವು ದಿನ ಆಗುತ್ತಿತ್ತು, ಕೆಲವು ದಿನ ಇಲ್ಲ.

ಲ್ಯಾಪ್‌ಟಾಪು ಆಕ್ಸಿಲರೇಟರ್ ಪೆಡಲಿನ ಸೆನ್ಸರ್ ಎಂದು ಹೇಳಿತು. ನಾನು ಸೆನ್ಸರ್ ಬದಲಿಸಿದೆ. ಹಾಲೇಶಿ ಖುಷಿಯಾಗಿ ಪೇಡೆ ಹಂಚಿ ಹೋದ. ಪೇಡೆಯ ರುಚಿ ಬಾಯಲ್ಲಿರುವಾಗಲೇ ತಿರುಗಿ ಬಂದ. ವೈರಿಂಗ್ ಬದಲಿಸಿದೆವು. ಈ ಸಲ ಅವನು ಪೇಡೆ ತರಲಿಲ್ಲ, ಬುದ್ಧಿವಂತ. ಮತ್ತೆ ಬಂದ.

ಅವನ ಹಿಂದೆಯೇ ಗೌರಮ್ಮನವರೂ ಹರಿಹರದಿಂದ ಬಸ್ಸು ಹತ್ತಿ ಬಂದರು. ನಮ್ಮ ವರ್ಕ್‌ಶಾಪಿನ ಬಗ್ಗೆ ಅವರಿಗೆ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಹಾಲೇಶಿಯ ಮೇಲೆ. ದೀಪ ಹರಿಹರದಲ್ಲಿ ಹತ್ತುವುದಿಲ್ಲ, ದಾರಿಯಲ್ಲಿ ಹತ್ತುವುದಿಲ್ಲ, ಅವನ ಮನೆ ಹತ್ತಿರ ಬಂದಾಗಲೇ ಹತ್ತುತ್ತದೆ. ಆಮೇಲೆ ಅವನು ಮನೆಯಲ್ಲಿ ಬಿಸಿ ಊಟ ಮಾಡಿ ಆರಾಮಾಗಿ ವರ್ಕ್‌ಶಾಪಿಗೆ ಬರುತ್ತಾನೆ. ಯಾವುದೋ ವೈರು ಎಳೆದು ಆಟ ಕಟ್ಟುತ್ತಿದ್ದಾನೆ ಎಂದು ಅವರ ಲೆಕ್ಕಾಚಾರ. ಅದನ್ನು ಅವನ ಎದುರಿಗೇ ನನಗೆ ಹೇಳಿದರು.

“ನೋಡ್ರಿ ಮೂರ್ತಣ್ಣ, ಶನಿವಾರದೊಳಗೆ ಇದು ಏನಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ಬೇರೆ ಡ್ರೈವರ್ ಬರ್ತಾನೆ. ನಮ್ಮನೆಯವರ ಕಾಲದಿಂದ ಇದಾನೆ ಅಂತ ಸುಮ್ನಿದೀನಿ.”

ಹಾಲೇಶಿ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಸುಮ್ಮನೆ ಮಡಚುತ್ತ ನಿಂತ. ಕ್ಲೀನರ್ ಆಗಿ ಸೇರಿ ಅದೇ ಮನೆಯಲ್ಲಿ ಕೂದಲು ನೆರೆಸಿಕೊಂಡವನು. ಆ ವಯಸ್ಸಿನಲ್ಲಿ ಕಳ್ಳಾಟದ ಹೆಸರು ಹೊತ್ತು ಇಳಿದರೆ ಹರಿಹರ, ದಾವಣಗೆರೆಯಲ್ಲಿ ಯಾರು ಲಾರಿ ಕೊಡುತ್ತಾರೆ? ನನಗೆ ಅವನ ಮೇಲೆ ಕನಿಕರವೂ, ಬಾಯಿ ಬಿಡದೆ ನಿಂತದ್ದಕ್ಕೆ ಸಿಟ್ಟೂ ಒಟ್ಟಿಗೇ ಬಂದವು.

ಮರುದಿನ ನಾನೇ ಹರಿಹರಕ್ಕೆ ಹೋಗಿ, ಲೋಡಾದ ಲಾರಿಯಲ್ಲಿ ಅವನ ಪಕ್ಕ ಕೂತು ಬಂದೆ. ಕಣ್ಣು ಪೂರಾ ದೀಪದ ಮೇಲೆ. ಹತ್ತಲಿಲ್ಲ. ದಾವಣಗೆರೆ ಬಂತು, ಹತ್ತಲಿಲ್ಲ. ಗೋಡೌನು ಬಂತು, ಹತ್ತಲಿಲ್ಲ. ನಾನು ಕೂತರೆ ದೀಪಕ್ಕೂ ಹೆದರಿಕೆ ಎಂದು ತಮಾಷೆ ಮಾಡಿದೆ. ಹಾಲೇಶಿಗೆ ನಗು ಬರಲಿಲ್ಲ. ಮೆಕ್ಯಾನಿಕ್ ಪಕ್ಕದಲ್ಲಿದ್ದಾಗ ಹತ್ತದ ದೀಪ ಅವನೊಬ್ಬನೇ ಇದ್ದಾಗ ಹತ್ತುತ್ತದೆ ಎಂದರೆ, ಗೌರಮ್ಮನವರ ಮಾತಿಗೆ ನಾನೇ ಸಾಕ್ಷಿ ಹೇಳಿದ ಹಾಗಾಯಿತು.

ಪೆಚ್ಚುಮೋರೆ ಹಾಕಿಕೊಂಡು ಪ್ರಸನ್ನ ಅವರ ಮುಂದೆ ಕೂತೆ. ಅವರು ಲ್ಯಾಪ್‌ಟಾಪು ತಿರುಗಿಸಿ ತೋರಿಸಿದರು. ದೀಪ ಹತ್ತಿದ ಕ್ಷಣದಲ್ಲಿ ಲಾರಿ ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ತಿರುಗುತ್ತಿತ್ತು ಎಂಬುದನ್ನು ಕಂಪ್ಯೂಟರ್ ಹಿಡಿದಿಟ್ಟುಕೊಂಡಿರುತ್ತದೆ. ಅವರು ಹಿಂದಿನ ಸಲದ್ದು, ಅದರ ಹಿಂದಿನ ಸಲದ್ದು ಎಲ್ಲ ತೆಗೆದಿಟ್ಟಿದ್ದರು. ಪ್ರತಿ ಸಲವೂ ಲಾರಿ ನಿಧಾನವಾಗಿತ್ತು. ನಿಂತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ವೇಗ, ಬ್ಯಾಟರಿಯ ವೋಲ್ಟೇಜು ಒಂದು ಚಣ ಇಳಿದದ್ದೂ ಹಾಗೆಯೇ.

“ಮೂರ್ತಿಯವರೇ, ಇವ್ರು ಒಂದೇ ಜಾಗದಲ್ಲಿ ಸ್ಲೋ ಮಾಡ್ತಾರೆ. ಅಲ್ಲಿ ಏನೋ ಆನ್ ಮಾಡ್ತಾರೆ. ನೀವು ಇವತ್ತು ದೀಪ ನೋಡಿದ್ರಿ, ನಾಳೆ ಡ್ರೈವರ್‌ನ ನೋಡಿ” ಎಂದರು.

ನನಗೆ ಇಮಾಮ್ ಸಾಬ್ರೇ ಎದ್ದು ಬಂದು ಬೆನ್ನಿಗೆ ಗುದ್ದಿದ ಹಾಗಾಯಿತು. ಆ ತಗಡಿನ ಶೆಡ್ಡು, ಆ ಚಹಾ, ಆ ಬುತ್ತಿ ಚೀಲ ಎಲ್ಲ ನೆನಪಾಯಿತು. ಅಷ್ಟು ವರ್ಷ ಕೆಲಸ ಮಾಡಿ, ಅಂದು ಕಲಿತದ್ದನ್ನು ಲ್ಯಾಪ್‌ಟಾಪಿನ ಮುಂದೆ ಎರಡನೇ ಸಲ ಕಲಿತೆ.

ಶನಿವಾರ ಬೆಳಿಗ್ಗೆ ಮತ್ತೆ ಹರಿಹರಕ್ಕೆ ಹೋದೆ. ಈ ಸಲ ದೀಪದ ಗೊಡವೆಗೆ ಹೋಗಲಿಲ್ಲ. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ಊರ ಸುದ್ದಿ ಮಾತಾಡುತ್ತ, ಓರೆಗಣ್ಣಿನಲ್ಲಿ ಹಾಲೇಶಿಯ ಕೈ ನೋಡುತ್ತ ಕೂತೆ. ಬಹಳ ಒಳ್ಳೆಯ ಕೈ. ಗೇರು ಬದಲಿಸಿದ್ದು ಗೊತ್ತೇ ಆಗದು. ದಾವಣಗೆರೆ ಬಂತು. ಮಂಡಕ್ಕಿ ಭಟ್ಟಿಗಳ ಹೊಗೆ ಕಾಣುವ ತಿರುವಿನಲ್ಲಿ ಎದುರಿಗೆ ಗಾಡಿ ಇಲ್ಲ, ಜನ ಇಲ್ಲ, ಆದರೂ ಲಾರಿ ನಿಧಾನವಾಯಿತು. ಅವನ ಬಲಗೈ ಸ್ಟೇರಿಂಗು ಬಿಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ಇಳಿಯಿತು. ಆಮೇಲೆ ನಾನಿರುವುದು ನೆನಪಾದವನ ಹಾಗೆ ತಟ್ಟನೆ ವಾಪಸು ಬಂತು.

“ಅಲ್ಲಿ ಕೆಳಗೆ ಏನೈತೆ ಹಾಲೇಶಿ?”

“ಏನಿಲ್ರಿ.”

“ಮತ್ತೆ ಕೈ ಯಾಕ ಹೋತು?”

ಅವನು ಲಾರಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ನಾನು ಬಗ್ಗಿ ನೋಡಿದೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಮರೆಯಲ್ಲಿ, ಮನೆಯ ಕರೆಗಂಟೆಯ ಗುಂಡಿಯಂಥ ಒಂದು ಸ್ವಿಚ್ಚು. ಏನೆಂದು ಕೇಳಿದೆ. ಹಾಡುವ ಹಾರ್ನು ಎಂದ. ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲ, ಪೊಲೀಸರು ಕಂಡರೆ ದಂಡ, ಅದಕ್ಕೇ ಊರೆಲ್ಲ ಹೊಡೆಯುವುದಿಲ್ಲ, ಇಲ್ಲಿ ಮಾತ್ರ ಒಂದು ಸಲ ಎಂದ. ಇಲ್ಲಿ ಮಾತ್ರ ಯಾಕೆ ಎಂದು ಕೇಳಿದಾಗ ಆ ದಪ್ಪ ಮೀಸೆಯ ಮನುಷ್ಯ ಮದುವಣಗಿತ್ತಿಯ ಹಾಗೆ ನಾಚಿಕೊಂಡ.

ವಿಷಯ ಇಷ್ಟೇ. ಅವನ ಹೆಂಡತಿ ರತ್ನಮ್ಮ ಆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಇವನ ಹಾರ್ನು ಕೇಳಿಸಿದರೆ ಎದ್ದು ಮನೆಗೆ ಹೋಗಿ ಅನ್ನಕ್ಕಿಡುತ್ತಾಳೆ. ಇವನು ಲೋಡು ಇಳಿಸಿ ಬರುವಷ್ಟರಲ್ಲಿ ಅನ್ನ ಆಗಿರುತ್ತದೆ. ತಿರುವಿನಲ್ಲಿ ಪೊಲೀಸರು ನಿಂತಿದ್ದರೆ ಹಾರ್ನು ಇಲ್ಲ, ಆ ದಿನ ತಣ್ಣನೆಯ ಅನ್ನ. ದೀಪ ಹತ್ತುವ ದಿನ, ಹತ್ತದ ದಿನದ ಗುಟ್ಟು ನನಗೆ ಆಗಲೇ ಹೊಳೆಯಿತು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಬೈದೆ. ಏನೇನು ಮಾಡಿದೆ ಎಂದು ನಾನು ಎಷ್ಟು ಸಲ ಕೇಳಿದ್ದೆ!

“ಹೆಂಡ್ತಿಗೆ ಬಂದೆ ಅಂತ ಹೇಳೋದು ಗಾಡೀ ಕೆಲಸ ಏನ್ರೀ ಅಣ್ಣ? ನನ್ನ ತಲೆಗೇ ಬರ್ಲಿಲ್ಲ. ಆಮ್ಯಾಲೆ ಅಮ್ಮಾರು ಹಂಗ ಅಂದ ಮ್ಯಾಲೆ ಹೆಂಗೆ ಹೇಳ್ಲಿ? ಮನೆ ಊಟಕ್ಕೆ ಆಟ ಕಟ್ತಾನೆ ಅಂತಾರೆ. ಊಟ ಮಾಡೋದಂತೂ ಖರೇನೇ ಅಲ್ರೀ.”

ಲಾರಿ ಸ್ಟಾರ್ಟ್ ಮಾಡಿ, ಅದೇ ವೇಗದಲ್ಲಿ ನಡೆಸಿ, ಸ್ವಿಚ್ಚು ಒತ್ತು ಎಂದೆ. ಒತ್ತಿದ. ಏರಿ, ಇಳಿದು, ಮತ್ತೆ ಏರುವ ಆ ಹಾರ್ನಿನ ಸದ್ದಿಗೆ ಭಟ್ಟಿಯ ಬಾಗಿಲಿನಲ್ಲಿ ನಾಲ್ಕಾರು ಹೆಂಗಸರ ತಲೆಗಳು ಕಂಡವು. ಅವರಲ್ಲೊಬ್ಬಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಟಳು, ಮಿಕ್ಕವರು ಅವಳನ್ನು ಛೇಡಿಸುತ್ತ ನಕ್ಕರು. ಹಾರ್ನು ನಿಂತ ಮರುಕ್ಷಣ ನಮ್ಮ ಮುಂದೆ ಹಳದಿ ದೀಪ ಹತ್ತಿತು. ನಾನು ಹಾಲೇಶಿಯ ಬೆನ್ನು ತಟ್ಟಿದ ರಭಸಕ್ಕೆ ಅವನು ಸ್ಟೇರಿಂಗಿಗೆ ಬಡಿದುಕೊಂಡ. ಲಾರಿ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ವರ್ಕ್‌ಶಾಪಿಗೆ ಬಂದು ಕ್ಯಾಬಿನ್ ಎತ್ತಿ ನೋಡಿದರೆ ಎಲ್ಲ ಕಣ್ಣೆದುರಿಗೇ ಇತ್ತು. ಆ ಹಾರ್ನಿಗೆ ಗಾಳಿ ಊದಲು ಒಂದು ಪುಟ್ಟ ಮೋಟಾರು. ಅದರ ಅರ್ಥ್ ವೈರನ್ನು, ಅಂದರೆ ಕರೆಂಟು ವಾಪಸು ಹೋಗುವ ವೈರನ್ನು, ಎಂಜಿನ್ ಕಂಪ್ಯೂಟರಿನ ಅರ್ಥ್ ಇರುವ ನಟ್ಟಿನ ಕೆಳಗೇ ಸೇರಿಸಿ ಬಿಗಿದಿದ್ದರು. ನಟ್ಟು ತುಕ್ಕು ಹಿಡಿದು ಸಡಿಲವಾಗಿತ್ತು. ಮೋಟಾರು ಜೋರಾಗಿ ಕರೆಂಟು ಎಳೆದಾಗ ಕಂಪ್ಯೂಟರಿನ ಅರ್ಥ್ ಅಲುಗಾಡಿ, ಪೆಡಲಿನ ಸೆನ್ಸರ್ ಹೇಳಿದ್ದು ಅದಕ್ಕೆ ತಪ್ಪಾಗಿ ಕೇಳಿಸುತ್ತಿತ್ತು. ಡ್ರೈವರ್ ಕಾಲು ಎಲ್ಲಿದೆಯೋ ಗೊತ್ತಾಗುತ್ತಿಲ್ಲ, ನಿಧಾನ ಹೋಗುವುದೇ ಕ್ಷೇಮ ಎಂದು ಅದು ಶಕ್ತಿ ಇಳಿಸುತ್ತಿತ್ತು. ಕಂಪ್ಯೂಟರ್ ಯಾರ ಹೆಸರು ಹೇಳಿತೋ ಅವನೇ ತಪ್ಪಿತಸ್ಥ ಎಂದುಕೊಂಡು ನಾವು ಪಾಪದ ಸೆನ್ಸರನ್ನು ಕಿತ್ತೆಸೆದಿದ್ದೆವು. ನಟ್ಟು ಬಿಚ್ಚಿ, ತುಕ್ಕು ಉಜ್ಜಿ, ಕಂಪ್ಯೂಟರಿನದ್ದನ್ನು ಬಿಗಿಯಾಗಿ ಕಟ್ಟಿದೆ. ಹಾರ್ನಿಗೆ ಬೇರೆ ವೈರು ಎಳೆದು ನೇರ ಬ್ಯಾಟರಿಗೆ ಕೊಟ್ಟೆ.

ಅಷ್ಟರಲ್ಲಿ ಗೌರಮ್ಮ ಬಂದರು. ಪ್ರಸನ್ನ ಅವರು ಕುರ್ಚಿ ಹಾಕಿಸಿ, ಅರ್ಥ್ ಎಂದರೇನು, ಸೆನ್ಸರ್ ಎಂದರೇನು, ಹಾರ್ನು ಹೊಡೆದರೆ ದೀಪ ಯಾಕೆ ಹತ್ತುತ್ತಿತ್ತು ಎಂದು ಬಿಡಿಸಿ ಹೇಳಿದರು. ಡ್ರೈವರದ್ದು ಏನೂ ಕೈವಾಡ ಇಲ್ಲ ಎಂದೂ ಹೇಳಿದರು. ಗೌರಮ್ಮ ಎಲ್ಲ ಕೇಳಿಸಿಕೊಂಡು, ಲಾರಿ ನಡೆಸುವವರು ಕೇಳುವ ಪ್ರಶ್ನೆಯನ್ನೇ ಕೇಳಿದರು. ಆ ಹಾರ್ನನ್ನು ಅಲ್ಲೇ ಯಾಕೆ ಹೊಡೆಯಬೇಕು?

ಹೇಳುವುದಿಲ್ಲ ಎಂದು ಹಾಲೇಶಿಗೆ ದಾರಿಯಲ್ಲಿ ಮಾತು ಕೊಟ್ಟಿದ್ದೆ. ಪ್ರಸನ್ನ ಅವರು ನನ್ನ ಮುಖ ನೋಡಿದರು. ಹಾಲೇಶಿ ಟವೆಲ್ಲು ಮಡಚುವುದನ್ನು ನಿಲ್ಲಿಸಿದ.

“ಅಮ್ಮಾ, ಅದು ಹಳೇ ಗಾಡೀ ಹಾರ್ನು ರೀ. ಯಜಮಾನ್ರದ್ದು. ಗಾಡಿ ಗುಜರಿಗೆ ಹೋಗೋವಾಗ ಮನಸ್ಸು ತಡೀಲಿಲ್ಲ, ಬಿಚ್ಚಿಕೊಂಡು ಇದಕ್ಕೆ ಹಾಕಿಸ್ದೆ. ನಾನು ಕ್ಲೀನರ್ ಇದ್ದಾಗ ಅವ್ರು ಹರಿಹರದ ಸೇತುವೆ ಮ್ಯಾಲೆ ಬಂದ ಕೂಡ್ಲೆ ಹೊಡೀತಿದ್ರಲ್ರೀ, ಮನ್ಯಾಗೆ ನೀವು ಅನ್ನಕ್ಕಿಡ್ಲಿ ಅಂತ. ಅದನ್ನೇ ನಾನೂ ಮಾಡೋದು. ನಮ್ಮಾಕಿ ಭಟ್ಟಿಯಾಗಿರ್ತಾಳೆ.”

ಗೌರಮ್ಮ ಕುರ್ಚಿಯಿಂದ ಎದ್ದು ಲಾರಿಯ ಮುಂದೆ ಬಂದು ನಿಂತರು. ನಮ್ಮ ಹುಡುಗರು ಕೆಲಸ ಬಿಟ್ಟು ನೋಡತೊಡಗಿದರು.

“ಹೊಡಿ, ಕೇಳಾನ” ಎಂದರು.

ಅಂಥ ಹಾರ್ನನ್ನು ಲಾರಿಯಲ್ಲಿ ಇಡುವಂತಿಲ್ಲ ಎಂದು ಗೋಡೆಗೆ ಸೂಚನೆ ಅಂಟಿಸಿದ್ದವರು ಪ್ರಸನ್ನ ಅವರೇ. ಅವರಿಗೆ ಆ ಕ್ಷಣದಲ್ಲಿ ಸ್ಟೋರಿನಲ್ಲಿ ಏನೋ ತುರ್ತು ಕೆಲಸ ನೆನಪಾಗಿ ಒಳಗೆ ಹೋದರು. ನಾನು ಕ್ಯಾಬಿನ್ ಹತ್ತಿ ಹಾಲೇಶಿಯ ಪಕ್ಕ ಕೂತೆ. ಅವನು ಎಂಜಿನ್ ಸ್ಟಾರ್ಟ್ ಮಾಡಿ, ಸ್ವಿಚ್ಚು ಒತ್ತಿದ. ಅದು ಏರಿತು, ಇಳಿಯಿತು, ಮತ್ತೆ ಏರಿತು. ಗೌರಮ್ಮ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡದ್ದು ಗಾಜಿನಾಚೆ ಕಂಡಿತು. ಆದರೆ ಅಳುತ್ತಿರಲಿಲ್ಲ, ಮುಖದ ತುಂಬ ನಗುವಿತ್ತು.

“ಇದು ಕೇಳಿದ್ರೆ ಅಕ್ಕಿ ತೊಳೆಯಾಕೆ ಏಳ್ತಿದ್ದೆ” ಎಂದರು. ಆಮೇಲೆ ಮೊದಲಿನ ಗಟ್ಟಿ ದನಿಯಲ್ಲೇ ಹಾಲೇಶಿಗೆ ಹೇಳಿದರು. “ಸೋಮವಾರ ಹೊತ್ತಿಗೆ ಸರಿಯಾಗಿ ಬಾ. ಎರಡನೇ ಟ್ರಿಪ್ಪು ತಪ್ಪಿಸಬ್ಯಾಡ. ಈ ಹಾರ್ನು ಬಿಚ್ಚಿ ನಮ್ಮನಿಗೆ ತಂದಿಡು. ನಿನ್ನಾಕಿಗೆ ಕಂಪನಿ ಹಾರ್ನಾಗೇ ಹೇಳು, ನೀನು ಅಂತ ಅವಳಿಗೆ ಗೊತ್ತಾಗ್ತೈತೆ. ಈಗ ಇನ್ನೊಂದು ಸಲ ಹೊಡಿ.”

ಹಾಲೇಶಿ ಮತ್ತೆ ಒತ್ತಿದ. ಈ ಸಲ ಬೇಗ ಕೈ ತೆಗೆಯಲಿಲ್ಲ. ಕೆಳಗೆ ನಿಂತವರೆಲ್ಲ ಹಾರ್ನು ಕೇಳುತ್ತಿದ್ದರು. ನಾನೊಬ್ಬ ಮಾತ್ರ ಸ್ಟೇರಿಂಗಿನ ಹಿಂದಿನ ಆ ಹಳದಿ ದೀಪವನ್ನೇ ನೋಡುತ್ತಿದ್ದೆ. ಹಾರ್ನು ನಿಂತಿತು. ದೀಪ ಹತ್ತಲಿಲ್ಲ.